ಕ್ಯೂಬಾದವರು ಗೆದ್ದರು, ಕ್ಯೂಬಾ ಗೆಲ್ಲಲಿಲ್ಲ

2024ರ ಆಗಸ್ಟ್ 9. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಟ್ರಿಪಲ್ ಜಂಪ್ ಫೈನಲ್. ನಮ್ಮಲ್ಲಿ ಆಗ ನಡುರಾತ್ರಿ ಹತ್ತಿರ. ಚಿನ್ನ ಸ್ಪೇನ್‌ನ ಜೋರ್ಡಾನ್ ಡಿಯಾಸ್‌ಗೆ, 17.86 ಮೀಟರ್. ಬೆಳ್ಳಿ ಪೋರ್ಚುಗಲ್‌ನ ಪೆಡ್ರೊ ಪಿಚಾರ್ಡೊಗೆ, 17.84. ಕಂಚು ಇಟಲಿಯ ಆಂಡಿ ಡಿಯಾಸ್‌ಗೆ, 17.64. ಮೂರು ದೇಶ, ಮೂರು ಬಾವುಟ. ಆದರೆ ಮೂವರೂ ಹುಟ್ಟಿದ್ದು, ನೆಗೆಯಲು ಕಲಿತದ್ದು ಕ್ಯೂಬಾದಲ್ಲಿ. ಒಂದು ಕಾಲದಲ್ಲಿ ಮೂವರೂ ಕ್ಯೂಬಾದ ಜೆರ್ಸಿ ತೊಟ್ಟವರೇ.

ಅದಕ್ಕೂ ಮೂರು ದಿನ ಮೊದಲು ಕುಸ್ತಿಯಲ್ಲಿ ಇನ್ನೊಂದು ನಡೆದಿತ್ತು. ಕ್ಯೂಬಾದ ಮಿಹಾಯಿನ್ ಲೋಪೆಸ್ 130 ಕಿಲೋ ಗ್ರೀಕೊ-ರೋಮನ್ ಫೈನಲ್ ಗೆದ್ದರು. ಬೀಜಿಂಗ್, ಲಂಡನ್, ರಿಯೊ, ಟೋಕಿಯೊ, ಈಗ ಪ್ಯಾರಿಸ್. ಒಂದೇ ವೈಯಕ್ತಿಕ ಸ್ಪರ್ಧೆಯಲ್ಲಿ ಸತತ ಐದು ಚಿನ್ನ. ಒಲಿಂಪಿಕ್ಸ್‌ನಲ್ಲಿ ಅದುವರೆಗೆ ಯಾರೂ ಮಾಡಿರದ ಕೆಲಸ. ಆಗ ಅವರಿಗೆ ಇನ್ನೇನು 42 ತುಂಬುವುದರಲ್ಲಿತ್ತು. ಗೆದ್ದ ಮೇಲೆ ಶೂ ಬಿಚ್ಚಿ, ಮ್ಯಾಟ್ ನಡುವೆ ಇಟ್ಟು, ಇನ್ನು ಸಾಕು ಅಂತ ಹೊರಗೆ ನಡೆದರು. ಆ ಚಿತ್ರ ನೀವೂ ನೋಡಿರುತ್ತೀರಿ.

ಅವತ್ತು ಸೋತವರನ್ನು ಮಾತ್ರ ಯಾರೂ ಜಾಸ್ತಿ ಗಮನಿಸಲಿಲ್ಲ. ಯಾಸ್ಮಾನಿ ಅಕೋಸ್ತಾ ಕಣಕ್ಕಿಳಿದದ್ದು ಚಿಲಿ ದೇಶದ ಪರವಾಗಿ. ಅವರೂ ಕ್ಯೂಬಾದವರೇ. ಲೋಪೆಸ್ ಇರುವತನಕ ಆ ತೂಕದಲ್ಲಿ ತನಗೆ ಜಾಗವಿಲ್ಲ ಎಂದು ಗೊತ್ತಿದ್ದ ಎರಡನೇ ಆಳು. 2015ರಲ್ಲಿ ಚಿಲಿಗೆ ಆಡಲು ಹೋದವರು ವಾಪಸ್ ಬರಲೇ ಇಲ್ಲ.

ಪ್ಯಾರಿಸ್‌ನಲ್ಲಿ ಕ್ಯೂಬಾದ ಲೆಕ್ಕಕ್ಕೆ ಸೇರಿದ್ದು 2 ಚಿನ್ನ, 1 ಬೆಳ್ಳಿ, 6 ಕಂಚು. 1992ರ ಬಾರ್ಸಿಲೋನಾದಲ್ಲಿ ಇದೇ ದೇಶ 14 ಚಿನ್ನ ಸೇರಿ 31 ಪದಕ ಗೆದ್ದು ಐದನೇ ಸ್ಥಾನದಲ್ಲಿ ನಿಂತಿತ್ತು. ಆಗ ಅಲ್ಲಿನ ಜನ ಒಂದು ಕೋಟಿಗಿಂತ ಸ್ವಲ್ಪ ಮೇಲೆ. ಇವತ್ತಿನ ಬೆಂಗಳೂರಿಗಿಂತ ಕಡಿಮೆ, ಅಲ್ವಾ?

ಕ್ಯೂಬಾದ ಕ್ರೀಡೆ ಮುಗಿಯಿತು ಅಂತ ಆಗಾಗ ಯಾರಾದರೂ ಬರೆಯುತ್ತಿರುತ್ತಾರೆ. ನನಗೆ ಹಾಗನಿಸುವುದಿಲ್ಲ. ಮುಗಿದಿದ್ದರೆ ಆ ಪೋಡಿಯಂ ಮೇಲೆ ಮೂವರೂ ಅಲ್ಲಿನವರೇ ಹೇಗೆ ನಿಂತರು? ಹೊಲ ಇನ್ನೂ ಬೆಳೆ ಕೊಡುತ್ತಿದೆ. ಬಿತ್ತಿದವನೊಬ್ಬ, ಉಣ್ಣುವವನು ಇನ್ನೊಬ್ಬ, ಅಷ್ಟೇ. ಅದು ಯಾಕೆ ಹೀಗಾಯಿತು ಅಂತ ಹುಡುಕಲು ಮೈದಾನಕ್ಕಿಂತ ಮೊದಲು ಅಲ್ಲಿನ ಅಡುಗೆಮನೆ, ಬೀದಿ, ಅಂಗಡಿ ಸಾಲು ನೋಡಬೇಕು.

ಪ್ರತಿಭೆ ಬೆಳೆಸುವ ಯಂತ್ರ

1959ರ ಕ್ರಾಂತಿಯ ನಂತರ ಫಿಡೆಲ್ ಕ್ಯಾಸ್ಟ್ರೊ ಸರ್ಕಾರ ಕ್ರೀಡೆಯನ್ನು ಶಾಲೆ, ಆಸ್ಪತ್ರೆಗಳ ಸಾಲಿಗೆ ಸೇರಿಸಿತು. 1961ರ ಫೆಬ್ರವರಿಯಲ್ಲಿ ಇಂದೆರ್ ಎಂಬ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಹುಟ್ಟಿತು. ಕ್ರೀಡೆ ಜನರ ಹಕ್ಕು ಎಂಬುದು ಅದರ ಘೋಷಣೆ. ಅದೇ ಹೊತ್ತಿಗೆ ದುಡ್ಡಿಗಾಗಿ ಆಡುವ ವೃತ್ತಿಪರ ಕ್ರೀಡೆಗೆ ನಿಷೇಧ ಬಿತ್ತು. 1967ರಲ್ಲಿ ಸ್ಟೇಡಿಯಂ ಪ್ರವೇಶ ಪುಕ್ಕಟೆ ಆಯಿತು.

ವ್ಯವಸ್ಥೆ ಸರಳ. ಊರಿನ ಶಾಲೆಯಲ್ಲಿ ವ್ಯಾಯಾಮ ಮೇಷ್ಟ್ರು ಚುರುಕಾದ ಮಕ್ಕಳನ್ನು ಗುರುತಿಸುತ್ತಾರೆ. ಒಳ್ಳೆಯವರು ಪ್ರಾಂತ್ಯದ ಕ್ರೀಡಾ ವಸತಿ ಶಾಲೆಗೆ ಹೋಗುತ್ತಾರೆ. ಅಲ್ಲಿಂದ ಆಯ್ದವರು ಹವಾನಾದ ರಾಷ್ಟ್ರೀಯ ತರಬೇತಿ ಕೇಂದ್ರಕ್ಕೆ. ಊಟ, ವಸತಿ, ಪಾಠ, ಕೋಚ್ ಎಲ್ಲ ಸರ್ಕಾರದ್ದು. ಕಬ್ಬು ಕಡಿಯುವವನ ಮಗನಿಗೂ ಡಾಕ್ಟರ ಮಗಳಿಗೂ ಒಂದೇ ದಾರಿ.

ಈ ದಾರಿಯಲ್ಲಿ ಬಂದವರ ಹೆಸರು ಇವತ್ತಿಗೂ ದೊಡ್ಡವು. ಹೆವಿವೇಟ್ ಬಾಕ್ಸರ್ ತಿಯೋಫಿಲೊ ಸ್ಟೀವನ್‌ಸನ್ 1972, 1976, 1980ರಲ್ಲಿ ಸತತ ಮೂರು ಚಿನ್ನ ಗೆದ್ದರು. ಮುಹಮ್ಮದ್ ಅಲಿ ಜೊತೆ ಆಡಿಸುತ್ತೇವೆ, ಲಕ್ಷಾಂತರ ಡಾಲರ್ ಕೊಡುತ್ತೇವೆ ಅಂತ ಅಮೆರಿಕದಿಂದ ಕರೆ ಬಂತು. ಅವರು ಹೋಗಲಿಲ್ಲ. ನನ್ನ ಜನರ ಪ್ರೀತಿಯ ಮುಂದೆ ಆ ದುಡ್ಡು ಏನು ಮಹಾ ಎಂಬ ಅರ್ಥದ ಅವರ ಮಾತು ಕ್ಯೂಬಾದಲ್ಲಿ ಗೋಡೆ ಬರಹದಂತಾಯಿತು. ಹಾವಿಯೆರ್ ಸೊತೊಮಾಯೊರ್ 1993ರಲ್ಲಿ 2.45 ಮೀಟರ್ ಎತ್ತರ ಹಾರಿದರು. ಮೂವತ್ತು ವರ್ಷ ದಾಟಿದರೂ ಆ ದಾಖಲೆ ಮುರಿದಿಲ್ಲ. ಮಹಿಳಾ ವಾಲಿಬಾಲ್ ತಂಡ 1992ರಿಂದ 2000ದವರೆಗೆ ಮೂರು ಒಲಿಂಪಿಕ್ಸ್ ಚಿನ್ನ ಬಾಚಿತು.

ಈ ಯಂತ್ರದ ಒಂದು ತುಣುಕು ನಮ್ಮ ದೇಶಕ್ಕೂ ಬಂದಿದೆ. ಕ್ಯೂಬಾದ ಕೋಚ್ ಬ್ಲಾಸ್ ಇಗ್ಲೇಸಿಯಾಸ್ ಫರ್ನಾಂಡಿಸ್ 1990ರಲ್ಲಿ ಭಾರತದ ಬಾಕ್ಸರ್‌ಗಳಿಗೆ ತರಬೇತಿ ಕೊಡಲು ಬಂದರು. 2008ರಲ್ಲಿ ವಿಜೇಂದರ್ ಸಿಂಗ್ ಬೀಜಿಂಗ್‌ನಲ್ಲಿ ಕಂಚು ಗೆದ್ದರಲ್ಲ, ಆ ಪೀಳಿಗೆ ತಯಾರಾದದ್ದರಲ್ಲಿ ಈ ಫರ್ನಾಂಡಿಸ್ ಪಾಲೂ ಇತ್ತು. 2012ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ವಿದೇಶಿ ಅವರು.

ಚೆಂಡು, ಪ್ರಾಂತ್ಯ, ಜಗಳ

ಆದರೆ ಕ್ಯೂಬಾದ ಜೀವ ಇರುವುದು ಬೇಸ್‌ಬಾಲ್‌ನಲ್ಲಿ. ಅಲ್ಲಿ ಅದಕ್ಕೆ ಪೆಲೋತಾ ಅಂತಾರೆ. ಚೆಂಡು ಎಂದೇ ಅರ್ಥ. ಬೇರೆ ಚೆಂಡಿನಾಟಗಳೂ ಇವೆ, ಆದರೂ ಚೆಂಡು ಅಂದರೆ ಇದೊಂದೇ.

1860ರ ದಶಕದಲ್ಲಿ ಅಮೆರಿಕದಲ್ಲಿ ಓದಲು ಹೋಗಿದ್ದ ಹುಡುಗರು ಬ್ಯಾಟು ಚೆಂಡು ಹಿಡಿದು ಮರಳಿದರು. ಆಗ ಕ್ಯೂಬಾ ಸ್ಪೇನ್‌ನ ವಸಾಹತು. ಸ್ಪೇನ್‌ನವರದು ಗೂಳಿ ಕಾಳಗ. ಅದನ್ನು ಬಿಟ್ಟು ಬೇಸ್‌ಬಾಲ್ ಆಡುವುದೇ ಒಂದು ಬಗೆಯ ಪ್ರತಿಭಟನೆ ಆಯಿತು. ಸರ್ಕಾರ ಈ ಆಟದ ಕಡೆ ಅನುಮಾನದಿಂದ ನೋಡಿದ್ದರಲ್ಲಿ ಅರ್ಥವಿತ್ತು. ಅಲ್ಲಿನ ಮೊದಲ ಲೀಗ್ ಕಟ್ಟಿದವರಲ್ಲೊಬ್ಬರಾದ ಎಮಿಲಿಯೊ ಸಬೂರಿನ್ ಸ್ವಾತಂತ್ರ್ಯ ಹೋರಾಟದಲ್ಲಿ ಸಿಕ್ಕಿಬಿದ್ದು, 1897ರಲ್ಲಿ ಆಫ್ರಿಕಾದ ಕರಾವಳಿಯ ಸೆಯೂತಾ ಜೈಲಿನಲ್ಲಿ ತೀರಿಕೊಂಡರು. ಅಮೆರಿಕದ ಆಟ ಕ್ಯೂಬಾದ ಸ್ವಾಭಿಮಾನ ಆದದ್ದು ಹೀಗೆ. ಮುಂದೆ ಅಮೆರಿಕವನ್ನೇ ಎದುರು ಹಾಕಿಕೊಂಡ ಕ್ರಾಂತಿ ಸರ್ಕಾರವೂ ಈ ಆಟವನ್ನು ಬಿಡಲಿಲ್ಲ.

ಅಲ್ಲಿನ ರಾಷ್ಟ್ರೀಯ ಸರಣಿ 1962ರಲ್ಲಿ ಶುರುವಾಯಿತು. ಈಗ ಅದರಲ್ಲಿ 16 ತಂಡ. ಒಂದು ವಿಷಯ ನಮ್ಮ ಐಪಿಎಲ್‌ಗೆ ತದ್ವಿರುದ್ಧ. ಅಲ್ಲಿ ಹರಾಜಿಲ್ಲ. ನೀನು ಯಾವ ಪ್ರಾಂತ್ಯದವನೋ ಆ ಪ್ರಾಂತ್ಯದ ತಂಡಕ್ಕೇ ಆಡುತ್ತೀಯ. ಹವಾನಾದ ನೀಲಿ ಅಂಗಿಯ ಇಂದುಸ್ತ್ರಿಯಾಲೆಸ್, ಪೂರ್ವದ ಸಾಂತಿಯಾಗೊದ ಕಣಜದ ಹುಳುಗಳು ಎಂಬ ಹೆಸರಿನ ತಂಡ. ಇವರಿಬ್ಬರ ಪಂದ್ಯ ಅಂದರೆ ಎರಡು ಊರು, ಎರಡು ಬಗೆಯ ಮಾತು, ಎರಡು ಬಗೆಯ ಸಂಗೀತದ ಜಗಳ. ಸಾಂತಿಯಾಗೊದವರು ಸ್ಟೇಡಿಯಂಗೆ ತಮಟೆಯಂಥ ಡೋಲು, ಚೀನೀ ಕಹಳೆ ತಂದು ಕೋಂಗಾ ಎಂಬ ಮೆರವಣಿಗೆಯ ವಾದ್ಯ ಬಾರಿಸುತ್ತಾರೆ. ಎದುರು ತಂಡದವನ ಕಿವಿ ಕೊರೆಯುವುದೂ ಆಟದ ಭಾಗವೇ.

ಜಗಳ ಸ್ಟೇಡಿಯಂನಲ್ಲಿ ಮುಗಿಯುವುದಿಲ್ಲ. ಹವಾನಾದ ಸೆಂಟ್ರಲ್ ಪಾರ್ಕಿನಲ್ಲಿ ಮರದ ನೆರಳಿನ ಒಂದು ಮೂಲೆ ಇದೆ. ಎಸ್ಕಿನಾ ಕಾಲಿಯೆಂತೆ, ಅಂದರೆ ಬಿಸಿ ಮೂಲೆ. ದಿನಾ ಅಲ್ಲಿ ಗಂಡಸರು ಸೇರುತ್ತಾರೆ. ಕುತ್ತಿಗೆಯ ನರ ಉಬ್ಬಿಸಿಕೊಂಡು, ಒಬ್ಬರ ಮುಖದ ಮುಂದೆ ಇನ್ನೊಬ್ಬರು ಬೆರಳಾಡಿಸುತ್ತಾ ಕೂಗಾಡುತ್ತಾರೆ. ಹೊಸಬರು ನೋಡಿದರೆ ಇನ್ನೇನು ಕೈ ಕೈ ಮಿಲಾಯಿಸುತ್ತಾರೆ ಅನಿಸುತ್ತದೆ. ವಿಷಯ ಇಷ್ಟೇ: ಮೂವತ್ತು ವರ್ಷ ಹಿಂದೆ ಒಬ್ಬ ಪಿಚರ್‌ನನ್ನು, ಅಂದರೆ ಚೆಂಡೆಸೆಯುವವನನ್ನು, ಅಷ್ಟು ಬೇಗ ಹೊರಗೆ ಕರೆದದ್ದು ಸರಿಯೋ ತಪ್ಪೋ. ನಮ್ಮ ಅರಳಿ ಕಟ್ಟೆಯ ಮಾತು ನೆನಪಾಗುತ್ತದೆ. ರಾಜಕೀಯ ಬಹಿರಂಗವಾಗಿ ಮಾತಾಡಲು ಅಳುಕುವ ದೇಶದಲ್ಲಿ ಗಂಟಲು ಬಿಚ್ಚಿ ಜಗಳವಾಡಲು ಹೀಗೊಂದು ಮೂಲೆ ಸಿಕ್ಕಿರುವುದು ಸಣ್ಣ ವಿಷಯವಲ್ಲ.

ಒಲಿಂಪಿಕ್ಸ್‌ನಲ್ಲಿ ಕ್ಯೂಬಾ 1992, 1996, 2004ರಲ್ಲಿ ಬೇಸ್‌ಬಾಲ್ ಚಿನ್ನ ಗೆದ್ದಿತು. 2000, 2008ರಲ್ಲಿ ಬೆಳ್ಳಿ. ಆಮೇಲೆ ಆಟ ಒಲಿಂಪಿಕ್ಸ್‌ನಿಂದ ಹೊರಬಿತ್ತು. ಟೋಕಿಯೊದಲ್ಲಿ ಮರಳಿ ಬಂದಾಗ ಕ್ಯೂಬಾ ಅರ್ಹತೆಯನ್ನೇ ಪಡೆಯಲಿಲ್ಲ.

60 ಗ್ರಾಂ ಬ್ರೆಡ್

ಈಗ ಅಡುಗೆಮನೆಗೆ ಬರೋಣ.

1962ರಿಂದ ಪ್ರತಿ ಕ್ಯೂಬನ್ ಮನೆಯಲ್ಲಿ ಒಂದು ಸಣ್ಣ ರೇಷನ್ ಪುಸ್ತಕ ಇದೆ. ಹೆಸರು ಲಿಬ್ರೆತಾ. ಅದನ್ನು ಹಿಡಿದು ಬೊದೇಗಾ ಎಂಬ ನ್ಯಾಯಬೆಲೆ ಅಂಗಡಿಗೆ ಹೋಗಬೇಕು. ಅಕ್ಕಿ, ಸಕ್ಕರೆ, ಕಾಳು, ಎಣ್ಣೆ, ಬಟಾಣಿ ಬೆರೆಸಿದ ಕಾಫಿ ಪುಡಿ, ಏಳು ವರ್ಷದೊಳಗಿನ ಮಕ್ಕಳಿಗೆ ಹಾಲು. ತಲೆಗೆ ದಿನಕ್ಕೊಂದು ಬನ್ನು. ಅಂಗಡಿಯವನು ಪುಸ್ತಕದಲ್ಲಿ ಗುರುತು ಹಾಕಿ ಕೊಡುತ್ತಾನೆ. ತಿಂಗಳಿಡೀ ಅದು ಸಾಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಅದೊಂದು ಆಧಾರ.

ಆ ಆಧಾರ ಈಗ ಸವೆದಿದೆ. 2024ರ ಫೆಬ್ರವರಿಯಲ್ಲಿ ಮಕ್ಕಳ ಹಾಲಿನ ಪುಡಿಗಾಗಿ ಕ್ಯೂಬಾ ಸರ್ಕಾರ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದ ನೆರವು ಕೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬನ್ನಿನ ತೂಕ 80 ಗ್ರಾಂನಿಂದ 60 ಗ್ರಾಂಗೆ ಇಳಿಯಿತು. ಹಿಟ್ಟಿಲ್ಲ, ಅದಕ್ಕೆ. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದಷ್ಟು ಬನ್ನು ಅದು.

ಬ್ರೆಡ್ ವಿಷಯಕ್ಕೆ ಭಾರತದ್ದೂ ಒಂದು ನೆನಪು ಸೇರಿಕೊಂಡಿದೆ. ಸೋವಿಯತ್ ಒಕ್ಕೂಟ ಕುಸಿದು ಕ್ಯೂಬಾ ಹಸಿದಿದ್ದಾಗ, 1992ರಲ್ಲಿ, ಇಲ್ಲಿಂದ ಹಡಗಿನಲ್ಲಿ ಗೋಧಿ ಹೋಯಿತು. ಕ್ಯಾಸ್ಟ್ರೊ ಅದನ್ನು ಭಾರತದ ರೊಟ್ಟಿ ಅಂತ ಕರೆದರು.

ಮಿಕ್ಕದ್ದಕ್ಕೆ ಖಾಸಗಿ ಅಂಗಡಿ ಇವೆ. 2021ರಿಂದ ಸಣ್ಣ ಖಾಸಗಿ ಕಂಪನಿಗಳಿಗೆ ಅನುಮತಿ ಸಿಕ್ಕಿದೆ. ಅಲ್ಲಿ ಎಲ್ಲ ಇದೆ. ಆದರೆ ಬೆಲೆ ಕೇಳಿ. 2024ರಲ್ಲಿ 30 ಮೊಟ್ಟೆಯ ಒಂದು ಟ್ರೇ 3,000 ಪೆಸೊ ಆಸುಪಾಸು. ಆಗ ಕನಿಷ್ಠ ತಿಂಗಳ ಸಂಬಳ 2,100 ಪೆಸೊ. ಇಡೀ ತಿಂಗಳು ದುಡಿದರೂ ಒಂದು ಟ್ರೇ ಮೊಟ್ಟೆ ಬರುವುದಿಲ್ಲ! ಹೊರದೇಶದಿಂದ ಅಣ್ಣನೋ ತಂಗಿಯೋ ಡಾಲರ್ ಕಳಿಸುವ ಮನೆ ಒಂದು ಬಗೆ, ಕಳಿಸುವವರಿಲ್ಲದ ಮನೆ ಇನ್ನೊಂದು ಬಗೆ. ಎಲ್ಲರೂ ಸಮಾನರು ಎಂದು ಹೊರಟ ದೇಶದಲ್ಲಿ ಈಗ ಅಂತಸ್ತು ಅಳೆಯಲು ಇದೇ ಅಳತೆಗೋಲು.

ಸಾಲಿನಲ್ಲಿ ನಿಲ್ಲುವುದು ಕ್ಯೂಬಾದಲ್ಲಿ ಒಂದು ಕಲೆ. ಅಂಗಡಿ ಮುಂದೆ ಜನ ಚೆದುರಿ ನಿಂತಿರುತ್ತಾರೆ. ಒಬ್ಬರು ಮೆಟ್ಟಿಲ ಮೇಲೆ, ಇಬ್ಬರು ಮರದಡಿ, ಇನ್ನೊಬ್ಬರು ರಸ್ತೆಯಾಚೆ. ಸಾಲು ಕಾಣುವುದೇ ಇಲ್ಲ. ನೀವು ಬಂದವರೇ ಜೋರಾಗಿ ಕೇಳಬೇಕು: ಎಲ್ ಉಲ್ತಿಮೊ? ಕೊನೆಯವರು ಯಾರು? ಒಬ್ಬರು ಕೈ ಎತ್ತುತ್ತಾರೆ. ಈಗ ನೀವು ಕೊನೆಯವರು. ಅವರ ಮುಂದೆ ಯಾರಿದ್ದಾರೆ ಅಂತಲೂ ಕೇಳಿಟ್ಟುಕೊಳ್ಳಬೇಕು, ಅವರು ಬೇಸತ್ತು ಎದ್ದು ಹೋದರೆ? ಇಷ್ಟಾದ ಮೇಲೆ ನೀವೂ ನೆರಳು ಹುಡುಕಿಕೊಂಡು ಕೂರಬಹುದು. ದುಡ್ಡು ತಗೊಂಡು ಬೇರೆಯವರ ಪರವಾಗಿ ನಿಲ್ಲುವವರೂ ಇದ್ದಾರೆ. ಅವರಿಗೆ ಕೊಲೆರೊ ಅಂತ ಹೆಸರು.

ಇನ್ನು ಕರೆಂಟು. 2024ರ ಅಕ್ಟೋಬರ್ 18ರಂದು ಮಾತಾನ್ಸಾಸ್‌ನ ಅಂತೋನಿಯೊ ಗಿತೆರಾಸ್ ವಿದ್ಯುತ್ ಸ್ಥಾವರ ಕೆಟ್ಟು ನಿಂತಿತು. ಇಡೀ ದ್ವೀಪದ ಗ್ರಿಡ್ ಕುಸಿಯಿತು. ದೇಶಕ್ಕೆ ದೇಶವೇ ಕತ್ತಲು. ನವೆಂಬರ್‌ನಲ್ಲಿ ಚಂಡಮಾರುತಕ್ಕೆ ಮತ್ತೆ, ಡಿಸೆಂಬರ್‌ನಲ್ಲಿ ಮತ್ತೆ, 2025ರ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮತ್ತೆ. ಸ್ಥಾವರಗಳು ಹಳೆಯವು, ಬಿಡಿಭಾಗ ಸಿಗುವುದಿಲ್ಲ, ವೆನೆಜುವೆಲಾದಿಂದ ಬರುತ್ತಿದ್ದ ಎಣ್ಣೆ ವರ್ಷ ವರ್ಷವೂ ಕಡಿಮೆಯಾಗುತ್ತಾ ಬಂತು. ಪ್ರಾಂತ್ಯಗಳಲ್ಲಿ ದಿನದ ಬಹುಪಾಲು ಕರೆಂಟೇ ಇಲ್ಲದ ದಿನಗಳು ಮಾಮೂಲಾದವು. ಕರೆಂಟು ಹೋಗುವುದಕ್ಕೆ ಅಪಗೋನ್ ಅಂತಾರೆ. 1990ರ ದಶಕದಲ್ಲಿ ಜನ ಇದನ್ನು ತಿರುಗಿಸಿ ತಮಾಷೆಗೆ ಅಲುಂಬ್ರೋನ್ ಎಂಬ ಮಾತು ಹುಟ್ಟಿಸಿದರು. ಕತ್ತಲೇ ಸಾಮಾನ್ಯವಾದ ಮೇಲೆ, ಅಪರೂಪಕ್ಕೆ ಬೆಳಕು ಬರುವುದಕ್ಕೂ ಒಂದು ಹೆಸರು ಬೇಡವೇ!

ಇದಕ್ಕೆಲ್ಲ ಅಮೆರಿಕದ ದಿಗ್ಬಂಧನವೇ ಕಾರಣ ಅನ್ನುತ್ತದೆ ಹವಾನಾ. 1962ರಿಂದ ಇರುವ ಆ ದಿಗ್ಬಂಧನ ನಿಜಕ್ಕೂ ಕತ್ತು ಹಿಸುಕುತ್ತದೆ. ಅದರಲ್ಲಿ ಅನುಮಾನವಿಲ್ಲ. ಆದರೆ ಅದೊಂದೇ ಅಲ್ಲ. ವಿದ್ಯುತ್ ಸ್ಥಾವರ ತುಕ್ಕು ಹಿಡಿಯುತ್ತಿದ್ದ ವರ್ಷಗಳಲ್ಲೇ ಸರ್ಕಾರ ಹೋಟೆಲ್ ಮೇಲೆ ಹೋಟೆಲ್ ಕಟ್ಟಿತು. ಹವಾನಾದ ವೆದಾದೊದಲ್ಲಿ 42 ಮಹಡಿಯ ಹೋಟೆಲ್ 2025ರಲ್ಲಿ ಬಾಗಿಲು ತೆರೆಯಿತು. 2018ರಲ್ಲಿ 47 ಲಕ್ಷದ ಹತ್ತಿರ ಇದ್ದ ಪ್ರವಾಸಿಗರು 2024ರಲ್ಲಿ 22 ಲಕ್ಷಕ್ಕೆ ಇಳಿದಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ಸಕ್ಕರೆಯ ಕತೆ ಇನ್ನೂ ಬೇಸರದ್ದು. 1989ರಲ್ಲಿ 80 ಲಕ್ಷ ಟನ್ ಸಕ್ಕರೆ ತೆಗೆದ ದೇಶ ಈಗ 2 ಲಕ್ಷ ಟನ್ ಮುಟ್ಟಲು ಒದ್ದಾಡಿ, ಹೊರಗಿನಿಂದ ತರಿಸಿಕೊಳ್ಳುತ್ತಿದೆ.

ಇಂಥ ದಿನಗಳ ನಡುವೆ ಒಬ್ಬ ಹುಡುಗ ಪ್ರಾಂತ್ಯದ ಕ್ರೀಡಾ ಶಾಲೆಯಲ್ಲಿ ಬೆಳೆಯುತ್ತಿದ್ದಾನೆ ಅಂದುಕೊಳ್ಳಿ. ಅವನ ಊಟ, ಅವನ ಬಸ್ಸು, ಅವನ ಗ್ಲೌಸು, ಅವನ ಕೋಚ್ ಸಂಬಳ ಎಲ್ಲ ಇದೇ ಬೊಕ್ಕಸದಿಂದ ಬರಬೇಕು. ದೀಪದ ಬೆಳಕಿನಲ್ಲಿ ಪಂದ್ಯ ಆಡಿಸುವುದು ಸೋವಿಯತ್ ಕುಸಿತದ ಕಾಲದಲ್ಲೇ ದುಬಾರಿ ಆಗಿತ್ತು. ಆಗಲೇ ಪಂದ್ಯಗಳು ಹಗಲಿಗೆ ಬಂದವು. ಸುಡು ಬಿಸಿಲಿನಲ್ಲಿ, ಅರ್ಧ ಖಾಲಿ ಗ್ಯಾಲರಿ ಮುಂದೆ.

ಎರಡು ಕಡೆಯ ಬೇಲಿ

ಬಡತನ ಇರುವ ದೇಶದಿಂದ ಆಟಗಾರರು ದುಡ್ಡಿರುವ ಲೀಗಿಗೆ ಹೋಗುವುದು ಹೊಸದಲ್ಲ. ಪಕ್ಕದ ಡೊಮಿನಿಕನ್ ಗಣರಾಜ್ಯದ ಹುಡುಗರೂ ಅಮೆರಿಕದಲ್ಲಿ ಆಡುತ್ತಾರೆ. ಆದರೆ ಅವರು ಒಪ್ಪಂದ ಮಾಡಿಕೊಂಡು, ವಿಮಾನ ಹತ್ತಿ ಹೋಗಿ, ಸೀಸನ್ ಮುಗಿದ ಮೇಲೆ ಅಮ್ಮನ ಕೈ ಊಟಕ್ಕೆ ವಾಪಸ್ ಬರುತ್ತಾರೆ. ದೇಶದ ತಂಡಕ್ಕೂ ಆಡುತ್ತಾರೆ. ಕ್ಯೂಬಾದವನಿಗೆ ಆ ದಾರಿ ಇಲ್ಲ. ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲೇ.

ಅಮೆರಿಕದ ಕಾನೂನು ನೋಡಿ. ದಿಗ್ಬಂಧನ ಇರುವುದರಿಂದ ಕ್ಯೂಬಾದಲ್ಲಿ ವಾಸವಿರುವ ಆಟಗಾರನ ಜೊತೆ ಅಲ್ಲಿನ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ತಂಡ ನೇರ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಮೊದಲು ಅವನು ಬೇರೆ ದೇಶಕ್ಕೆ ಹೋಗಿ, ಅಲ್ಲಿನ ನಿವಾಸಿ ಎಂದು ತೋರಿಸಬೇಕು. ಅಂದರೆ ಮನೆ ಬಿಡುವುದೇ ಕೆಲಸ ಸಿಗಲು ಮೊದಲ ಷರತ್ತು. ಈ ಕಡೆ ಕ್ಯೂಬಾದ ನಿಯಮ ನೋಡಿ. ವಿದೇಶದಲ್ಲಿ ತಂಡ ಬಿಟ್ಟು ಹೋದವನು ದ್ರೋಹಿ. ಎಂಟು ವರ್ಷ ಊರಿಗೆ ಕಾಲಿಡುವಂತಿರಲಿಲ್ಲ, ದೇಶದ ತಂಡದ ಬಾಗಿಲು ಮುಚ್ಚಿದಂತೆಯೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಸಿಕ್ಕಿಕೊಂಡವನು ಇಪ್ಪತ್ತು ವರ್ಷದ ಹುಡುಗ.

ಈ ಬೇಲಿಯ ಸಂದಿಯಲ್ಲಿ ಕಳ್ಳಸಾಗಣೆದಾರರು ಅಂಗಡಿ ಇಟ್ಟರು. ವೇಗದ ದೋಣಿಯಲ್ಲಿ ಆಟಗಾರನನ್ನು ಮೆಕ್ಸಿಕೊಗೋ ಹೈಟಿಗೋ ದಾಟಿಸುವುದು, ಮುಂದೆ ಅವನಿಗೆ ಬರುವ ಒಪ್ಪಂದದ ಹಣದಲ್ಲಿ ದೊಡ್ಡ ಪಾಲು ಕಿತ್ತುಕೊಳ್ಳುವುದು. 1991ರಲ್ಲಿ ಪಿಚರ್ ರೆನೆ ಅರೋಚಾ ಮಯಾಮಿಯಲ್ಲಿ ತಂಡದಿಂದ ಜಾರಿಕೊಂಡಾಗ ಅದು ದೊಡ್ಡ ಸುದ್ದಿ. ಎಲ್ ದೂಕೆ ಎಂದು ಹೆಸರಾದ ಒರ್ಲಾಂಡೊ ಹೆರ್ನಾಂದೆಸ್ 1997ರ ಡಿಸೆಂಬರ್‌ನಲ್ಲಿ ದೋಣಿ ಹತ್ತಿದರು. ಮುಂದಿನ ವರ್ಷವೇ ನ್ಯೂಯಾರ್ಕ್ ಯಾಂಕೀಸ್ ಪರ ಮೇಜರ್ ಲೀಗ್‌ನ ಫೈನಲ್ ಸರಣಿ ವರ್ಲ್ಡ್ ಸೀರೀಸ್ ಗೆದ್ದರು. 2009ರಲ್ಲಿ ನೆದರ್ಲೆಂಡ್ಸ್‌ನ ಹೋಟೆಲ್ ಬಿಟ್ಟು ನಡೆದ ಅರೋಲ್ಡಿಸ್ ಚಾಪ್ಮನ್ ಮರುವರ್ಷ ಗಂಟೆಗೆ 170 ಕಿ.ಮೀ. ವೇಗದಲ್ಲಿ ಚೆಂಡೆಸೆದರು. ಆಮೇಲಾಮೇಲೆ ಇದು ಸುದ್ದಿಯಾಗುವುದೂ ನಿಂತಿತು.

ಗಂಟು ಬಿಚ್ಚಲು ಒಂದು ಸಲ ಅವಕಾಶ ಬಂದಿತ್ತು. 2018ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಮತ್ತು ಕ್ಯೂಬಾ ಬೇಸ್‌ಬಾಲ್ ಫೆಡರೇಶನ್ ಒಂದು ಒಪ್ಪಂದಕ್ಕೆ ಬಂದವು. ಆಟಗಾರ ಕಾನೂನುಬದ್ಧವಾಗಿ ಹೋಗಬಹುದು, ಬರಬಹುದು. ತಂಡ ಫೆಡರೇಶನ್‌ಗೆ ಶುಲ್ಕ ಕಟ್ಟುತ್ತದೆ. ಜಪಾನ್ ಆಟಗಾರರ ವಿಷಯದಲ್ಲಿ ಹೀಗೇ ನಡೆಯುತ್ತದೆ. ಆದರೆ 2019ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದು ಮಾಡಿತು. ಫೆಡರೇಶನ್‌ಗೆ ಕೊಟ್ಟರೆ ಕ್ಯೂಬಾ ಸರ್ಕಾರಕ್ಕೇ ಕೊಟ್ಟಂತೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದರಿಂದ ಲಾಭ ಆದದ್ದು ದೋಣಿಯವರಿಗೆ.

2021ರ ಸೆಪ್ಟೆಂಬರ್-ಅಕ್ಟೋಬರ್. ಮೆಕ್ಸಿಕೊದಲ್ಲಿ 23 ವರ್ಷದೊಳಗಿನವರ ವಿಶ್ವಕಪ್. 24 ಆಟಗಾರರೊಂದಿಗೆ ಹೋದ ಕ್ಯೂಬಾ ತಂಡದಲ್ಲಿ ಸುಮಾರು ಅರ್ಧದಷ್ಟು ಜನ ವಾಪಸ್ ವಿಮಾನ ಹತ್ತಲೇ ಇಲ್ಲ. ಅದೇ ಅಕ್ಟೋಬರ್ 19ರಂದು ಸರ್ಕಾರ ಬೇಸ್‌ಬಾಲ್ ಅನ್ನು ದೇಶದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ಪರಂಪರೆ ಇಲ್ಲೇ ಉಳಿಯಿತು, ಆಡುವವರು ಮೆಕ್ಸಿಕೊದಲ್ಲಿ ಉಳಿದರು.

ಬೇಲಿ ಸ್ವಲ್ಪ ಸಡಿಲವಾಗಿದೆ ಎಂಬುದನ್ನೂ ಹೇಳಬೇಕು. 2013ರಿಂದ ಆಟಗಾರರು ಸರ್ಕಾರದ ಮೂಲಕವೇ ಜಪಾನ್‌ನಂಥ ದೇಶಗಳ ಲೀಗ್‌ಗಳಲ್ಲಿ ಆಡಬಹುದು. 2022ರಲ್ಲಿ ಬಾಕ್ಸರ್‌ಗಳಿಗೆ ವೃತ್ತಿಪರ ಪಂದ್ಯಗಳ ಅನುಮತಿ ಸಿಕ್ಕಿತು. ಹೆಂಗಸರಿಗೆ ಬಾಕ್ಸಿಂಗ್ ಕಣಕ್ಕಿಳಿಯುವ ಅನುಮತಿ ಸಿಕ್ಕಿದ್ದೂ ಅದೇ ವರ್ಷದ ಕೊನೆಯಲ್ಲಿ. ಬಾಕ್ಸಿಂಗ್‌ನಲ್ಲಿ ಅಷ್ಟು ಚಿನ್ನ ಗೆದ್ದ ದೇಶದಲ್ಲಿ ಅಷ್ಟು ತಡ! 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂಬ ದೇಶ ದೇಶಗಳ ಟೂರ್ನಿಯಲ್ಲಿ ಮೊದಲ ಬಾರಿಗೆ ಯೊವಾನ್ ಮೊಂಕಾದಾ, ಲೂಯಿಸ್ ರಾಬರ್ಟ್ ಅವರಂಥ ಮೇಜರ್ ಲೀಗ್ ಆಟಗಾರರು ಕ್ಯೂಬಾ ಅಂಗಿ ತೊಟ್ಟರು. ಜನ ಆ ತಂಡಕ್ಕೆ ಟೀಮ್ ಅಸೆರೆ ಅಂತ ಹೆಸರಿಟ್ಟರು. ಅಸೆರೆ ಅಂದರೆ ಬೆಂಗಳೂರಿನ ಹುಡುಗರು ಮಗಾ ಅಂದ ಹಾಗೆ. ಸೆಮಿಫೈನಲ್ ನಡೆದದ್ದು ಮಯಾಮಿಯಲ್ಲಿ, ಕ್ಯೂಬಾ ಬಿಟ್ಟು ಬಂದವರ ರಾಜಧಾನಿಯಲ್ಲಿ. ಗ್ಯಾಲರಿಯಲ್ಲಿ ಒಬ್ಬ ಚಪ್ಪಾಳೆ ತಟ್ಟಿದರೆ ಪಕ್ಕದವನು ಸರ್ಕಾರದ ವಿರುದ್ಧ ಕೂಗುತ್ತಿದ್ದ. ಅಮೆರಿಕ 14-2ರಿಂದ ಗೆದ್ದಿತು. ಇನ್ನೊಂದು ಸೆಮಿಫೈನಲ್‌ನಲ್ಲಿ ಕ್ಯೂಬಾದಲ್ಲೇ ಹುಟ್ಟಿದ ರ್‍ಯಾಂಡಿ ಅರೊಸರೆನಾ ಮೆಕ್ಸಿಕೊ ಪರ ಆಡುತ್ತಿದ್ದರು.

ಬರಿಯ ಆಟಗಾರರ ಕತೆ ಅಲ್ಲ ಇದು. ಅಧಿಕೃತ ಲೆಕ್ಕವೇ ಹೇಳುವಂತೆ 2021ರ ಕೊನೆಯಲ್ಲಿ 1.11 ಕೋಟಿ ಇದ್ದ ಜನ 2024ರ ಕೊನೆಗೆ ಒಂದು ಕೋಟಿಗಿಂತ ಕೆಳಗಿಳಿದರು. ನರ್ಸು, ಮೇಷ್ಟ್ರು, ನರ್ತಕಿ, ಮೆಕ್ಯಾನಿಕ್ ಎಲ್ಲರೂ ಹೊರಟರು. ಡಿಸೆಂಬರ್ 31ರ ನಡುರಾತ್ರಿ ಕ್ಯೂಬಾದಲ್ಲಿ ಒಂದು ರೂಢಿ ಇದೆ. ಹಳೆಯ ವರ್ಷದ ಕೊಳೆ ತೊಲಗಲಿ ಅಂತ ಬಕೆಟ್ ನೀರನ್ನು ಬೀದಿಗೆ ಚೆಲ್ಲುತ್ತಾರೆ. ಪ್ರಯಾಣದ ಆಸೆ ಇರುವವರು ಸೂಟ್‌ಕೇಸ್ ಹಿಡಿದು ಬೀದಿ ಸುತ್ತಿ ಬರುತ್ತಾರೆ. ಹಿಂದೆ ಅದು ಸುಮ್ನೆ ತಮಾಷೆ.

ಕತ್ತಲಲ್ಲಿ ಉಳಿದದ್ದು

ಹಾಗಂತ ಬೀದಿಯಲ್ಲಿ ಬರೀ ಗೋಳೇ ಇಲ್ಲ. ಸಂಜೆ ಕರೆಂಟು ಹೋದರೆ ಜನ ಮನೆಯೊಳಗಿನ ಸೆಕೆ ತಾಳದೆ ಹೊರಗೆ ಬರುತ್ತಾರೆ. ಜಗುಲಿ ಮುಂದೆ ಡೊಮಿನೊ ಮೇಜು ಬರುತ್ತದೆ. ಹವಾನಾದವರು ಒಂಬತ್ತು ಚುಕ್ಕೆಯ, 55 ಬಿಲ್ಲೆಯ ಸೆಟ್‌ನಲ್ಲಿ ಆಡುತ್ತಾರೆ. ನಾಲ್ಕು ಜನ, ಇಬ್ಬಿಬ್ಬರ ಜೋಡಿ, ತಲೆಗೆ ಹತ್ತು ಬಿಲ್ಲೆ. ಪೂರ್ವದವರದು ಆರು ಚುಕ್ಕೆಯ ಸೆಟ್, ಅದೇ ಸರಿ ಅಂತ ಅವರ ಹಟ. ಬಿಲ್ಲೆಗಳನ್ನು ಮಗುಚಿ ಹಾಕಿ ಎರಡೂ ಕೈಯಲ್ಲಿ ಕಲಸುವುದಕ್ಕೆ ನೀರು ಕೊಡುವುದು ಅಂತಾರೆ. ಬಿಲ್ಲೆಯನ್ನು ಮೇಜಿಗೆ ಮೆಲ್ಲಗೆ ಇಡುವಂತಿಲ್ಲ, ಟಪ್ ಅಂತ ಬಡಿಯಬೇಕು.

ನನಗೆ ಕ್ಯೂಬಾದಲ್ಲಿ ತುಂಬ ಇಷ್ಟವಾದದ್ದು ಸಿಗಾರ್ ಕಾರ್ಖಾನೆಯ ಓದುಗ. 1865ರಲ್ಲಿ ಹವಾನಾದ ಒಂದು ಕಾರ್ಖಾನೆಯಲ್ಲಿ ಶುರುವಾದ ಪದ್ಧತಿ. ಶಾಲೆಯ ಬೆಂಚಿನಂತೆ ಸಾಲಾಗಿ ಮೇಜುಗಳು. ನೂರಾರು ಕೈಗಳು ತಂಬಾಕಿನ ಎಲೆ ಸುತ್ತುತ್ತಿರುತ್ತವೆ. ಎತ್ತರದ ಕಟ್ಟೆಯ ಮೇಲೆ ಒಬ್ಬರು ಕೂತು ಗಟ್ಟಿಯಾಗಿ ಓದುತ್ತಾರೆ. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಮುಂದಿನ ಕಾದಂಬರಿ ಯಾವುದು ಅಂತ ಕೆಲಸಗಾರರೇ ಆರಿಸುತ್ತಾರೆ. ಒಂದು ಕಾಲದಲ್ಲಿ ಓದುಗನ ಸಂಬಳವನ್ನೂ ಅವರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಓದು ಹಿಡಿಸಿದರೆ ಎಲೆ ಕತ್ತರಿಸುವ ಬಾಗಿದ ಬ್ಲೇಡಿನಿಂದ ಮೇಜು ಕುಟ್ಟುತ್ತಾರೆ. ಅದೇ ಚಪ್ಪಾಳೆ. ಮಾಂಟೆಕ್ರಿಸ್ಟೊ ಎಂಬ ಸಿಗಾರ್ ಹೆಸರು ಬಂದದ್ದು ಅಲ್ಲಿ ಓದುತ್ತಿದ್ದ ಕಾದಂಬರಿಯಿಂದ. ನಮ್ಮ ಗಮಕ ವಾಚನ ಒಂದು ಬೀಡಿ ಕಾರ್ಖಾನೆಯೊಳಗೆ ದಿನಾ ನಡೆದಿದ್ದರೆ ಹೇಗಿರುತ್ತಿತ್ತು ಅಂತ ಊಹಿಸಿ.

ಹೊಸ ತಲೆಮಾರಿಗೆ ಕಿವಿಗಿಂತ ಪರದೆ ಹತ್ತಿರ. ಇಂಟರ್ನೆಟ್ ಸರಿಯಾಗಿ ಇಲ್ಲದ ದಿನಗಳಲ್ಲಿ ಪಾಕೆತೆ ಎಂಬ ವ್ಯವಸ್ಥೆ ಹುಟ್ಟಿತು. ವಾರಕ್ಕೊಮ್ಮೆ ಒಂದು ಟೆರಾಬೈಟ್‌ನಷ್ಟು ಸಿನಿಮಾ, ಧಾರಾವಾಹಿ, ಹಾಡು, ಪಂದ್ಯ ಎಲ್ಲ ಹಾರ್ಡ್ ಡಿಸ್ಕ್‌ನಲ್ಲಿ ಮನೆಯಿಂದ ಮನೆಗೆ. ಸರ್ಕಾರಿ ಟಿವಿ ತೋರಿಸಲು ಮನಸ್ಸು ಮಾಡದ, ದೇಶ ಬಿಟ್ಟವರ ಆಟವೂ ಹೀಗೇ ಒಳಗೆ ಬಂತು. ಮೊಬೈಲ್ ಡೇಟಾ ಬಂದದ್ದು 2018ರ ಡಿಸೆಂಬರ್‌ನಲ್ಲಿ. 2025ರ ಮೇ ಕೊನೆಯಲ್ಲಿ ಸರ್ಕಾರಿ ಟೆಲಿಕಾಂ ಕಂಪನಿ ತಿಂಗಳ ಅಗ್ಗದ ಡೇಟಾಕ್ಕೆ 6 ಜಿಬಿ ಮಿತಿ ಹಾಕಿತು. ಆಮೇಲೆ 3 ಜಿಬಿ ಬೇಕಿದ್ದರೆ 3,360 ಪೆಸೊ. ಕನಿಷ್ಠ ಸಂಬಳಕ್ಕಿಂತ ಜಾಸ್ತಿ! ವಿಶ್ವವಿದ್ಯಾಲಯದ ಹುಡುಗರು ತರಗತಿ ಬಹಿಷ್ಕರಿಸುವಷ್ಟು ಸಿಟ್ಟಾದರು.

ಅದೇ ಹುಡುಗರ ಬೆನ್ನ ಮೇಲೆ ಈಗ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಹೆಸರು. ಓಣಿಗಳಲ್ಲಿ ಫುಟ್‌ಬಾಲ್ ಜಾಸ್ತಿ ಕಾಣುತ್ತಿದೆ. ಬಿಸಿ ಮೂಲೆಯ ಹಿರಿಯರಿಗೆ ಇದು ನುಂಗಲಾರದ ತುತ್ತು. ಆದರೆ ಹುಡುಗರ ಲೆಕ್ಕ ಸರಳ. ಒಂದು ಚೆಂಡು ಇದ್ದರೆ ಇಪ್ಪತ್ತು ಜನ ಆಡಬಹುದು. ಬೇಸ್‌ಬಾಲ್‌ಗೆ ಬ್ಯಾಟು, ಗ್ಲೌಸು, ಹೆಲ್ಮೆಟ್ಟು ಬೇಕು. ಅವನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಗೆ ಕ್ಯೂಬಾದ ಬೀದಿ ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿತ್ತು. ರೆಸೊಲ್ವೆರ್ ಅನ್ನುವುದು ಅಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಹೇಗೋ ಹೊಂದಿಸಿಕೊಳ್ಳುವುದು. 1950ರ ದಶಕದ ಅಮೆರಿಕನ್ ಕಾರಿಗೆ ರಷ್ಯಾದ ಲಾಡಾ ಎಂಜಿನ್ ಕೂರಿಸಿ ಶೇರ್ ಟ್ಯಾಕ್ಸಿ ಓಡಿಸುವುದು ರೆಸೊಲ್ವೆರ್. ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕು ಮೂಲೆಯನ್ನೇ ಬೇಸ್ ಮಾಡಿಕೊಂಡು, ರಬ್ಬರ್ ಚೆಂಡನ್ನು ಬರಿ ಅಂಗೈಯಲ್ಲಿ ಹೊಡೆದು ಓಡುವುದೂ ರೆಸೊಲ್ವೆರ್. ಆ ಆಟದ ಹೆಸರು ಕ್ವಾತ್ರೊ ಎಸ್ಕಿನಾಸ್, ನಾಲ್ಕು ಮೂಲೆ.

ವಿಶ್ವ ಬೇಸ್‌ಬಾಲ್ ಸಾಫ್ಟ್‌ಬಾಲ್ ಒಕ್ಕೂಟ ಇದನ್ನು ನೋಡಿ ನಿಯಮ ಬರೆದು, ಬೇಸ್‌ಬಾಲ್5 ಎಂಬ ಹೆಸರಿನಲ್ಲಿ ಜಗತ್ತಿಗೆ ಹಂಚಿತು. ತಂಡಕ್ಕೆ ಐದು ಜನ, ಐದು ಇನಿಂಗ್ಸ್, ಹೆಣ್ಣು ಗಂಡು ಕೂಡಿಯೇ ಆಡಬೇಕು. ಬ್ಯಾಟಿಲ್ಲ, ಗ್ಲೌಸಿಲ್ಲ. ಮೊದಲ ವಿಶ್ವಕಪ್ 2022ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ, ಎರಡನೆಯದು 2024ರಲ್ಲಿ ಹಾಂಗ್‌ಕಾಂಗ್‌ನಲ್ಲಿ. ಎರಡೂ ಸಲ ಫೈನಲ್‌ನಲ್ಲಿ ಜಪಾನ್ ಅನ್ನು ಸೋಲಿಸಿ ಕ್ಯೂಬಾ ಗೆದ್ದಿತು. ಈ ಆಟಗಾರರನ್ನು ಕೊಂಡುಕೊಳ್ಳುವ ಕೋಟಿ ಡಾಲರ್‌ನ ಲೀಗ್ ಇನ್ನೂ ಎಲ್ಲೂ ಹುಟ್ಟಿಲ್ಲ.